ಆಳನ್ನು ಅಳೆಯುವವರು

ಫೆಬ್ರವರಿ ತಿಂಗಳು ಕಾಲಿಟ್ಟಿತೆಂದರೆ ತಿಕೋಟಾ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಒಂದು ಪುಟ್ಟ ಉಪಕರಣಕ್ಕೆ ಬಿಡುವೆಂಬುದೇ ಇರುವುದಿಲ್ಲ. ಗೇಣುದ್ದದ ದುರ್ಬೀನಿನಂತೆ ತೋರುವ ಇದು ವಕ್ರೀಭವನ ಮಾಪಕ. ಬ್ರಿಕ್ಸ್ ಮೀಟರೆಂದೂ ಇದನ್ನು ಕರೆಯುವುದುಂಟು. ಹಣ್ಣನ್ನು ಹಿಸುಕಿ ಒಂದೆರಡು ಹನಿ ರಸವನ್ನು ಇದರ ಗಾಜಿನ ಪಟ್ಟಕದ ಮೇಲೆ ಬಿಟ್ಟು, ಮುಚ್ಚಳವನ್ನಿಳಿಸಿ, ಬೆಳಕಿನ ಕಡೆಗೆ ಹಿಡಿದು ನೋಡಿದರೆ ಒಳಗೆ ಒಂದು ಅಳತೆಪಟ್ಟಿಯೂ, ನೀಲಿ ಬಿಳುಪುಗಳನ್ನು ಬೇರ್ಪಡಿಸುವ ಒಂದು ಗೆರೆಯೂ ಕಾಣುತ್ತವೆ. ರಸದಲ್ಲಿ ಸಕ್ಕರೆ ಹೆಚ್ಚಿದಷ್ಟೂ ಬೆಳಕು ಹೆಚ್ಚಾಗಿ ಬಾಗುತ್ತದೆ. ಗೆರೆಯೂ ಅದಕ್ಕೆ ತಕ್ಕಂತೆ ಸರಿಯುತ್ತದೆ. ನೀರಿನ ವಕ್ರೀಭವನಾಂಕ 1.333. ನೂರು ಭಾಗದಲ್ಲಿ ಇಪ್ಪತ್ತು ಭಾಗ ಸಕ್ಕರೆಯುಳ್ಳ ದ್ರಾವಣದ್ದು 1.364. ಇಷ್ಟು ಅಲ್ಪವಾದ ವ್ಯತ್ಯಾಸವೇ ಒಂದು ವರ್ಷದ ದುಡಿಮೆಯ ಬೆಲೆಯನ್ನು ಗೊತ್ತುಪಡಿಸುತ್ತದೆ. ಸಕ್ಕರೆ ಸಾಕಷ್ಟು ಕೂಡುವ ಮೊದಲೇ ಕೊಯ್ದ ಹಣ್ಣು ಒಣದ್ರಾಕ್ಷಿಯಾಗುವಾಗ ತೂಕಗೆಟ್ಟು ಸೊರಗುತ್ತದೆ.

ಉಪಕರಣವೊಂದು ಕೈಯಲ್ಲಿದ್ದ ಮಾತ್ರಕ್ಕೆ ಕೆಲಸವಾಯಿತೆಂದು ತಿಳಿಯಬಾರದು. ಬಿಸಿಲಿಗೆ ಮುಖಮಾಡಿದ ಗೊಂಚಲು ನೆರಳಿನ ಗೊಂಚಲಿಗಿಂತ ಸಿಹಿ. ಒಂದೇ ಗೊಂಚಲಿನಲ್ಲಿಯೂ ಹೆಗಲ ಮೇಲಿನ ಹಣ್ಣು ತುದಿಯ ಹಣ್ಣಿಗಿಂತ ಸಿಹಿ. ಆದಕಾರಣ ಜಾಣ ರೈತನು ತೋಟದ ಮೂಲೆಮೂಲೆಗಳಿಂದ, ಮೇಲಿನಿಂದಲೂ ಕೆಳಗಿನಿಂದಲೂ ಹಣ್ಣುಗಳನ್ನು ಆಯ್ದು, ಅವೆಲ್ಲವುಗಳ ರಸವನ್ನು ಕೂಡಿಸಿ ಅಳೆಯುತ್ತಾನೆ. ಕಣ್ಣಿಗೆ ಚೆಲುವಾಗಿ ಕಂಡ ಒಂದು ಗೊಂಚಲನ್ನು ನೋಡಿ ಇಡೀ ತೋಟದ ಕೊಯ್ಲಿಗೆ ಕೈಹಾಕುವವನನ್ನು ನೆರೆಯವರು ನಕ್ಕಾರು.

ಹಣ್ಣಿನ ವಿಷಯದಲ್ಲಿ ಇಷ್ಟೊಂದು ಎಚ್ಚರಿಕೆಯಿಂದ ನಡೆಯುವ ನಾವು ಮನುಷ್ಯನ ವಿಷಯದಲ್ಲಿ ಹೇಗೆ ನಡೆಯುತ್ತೇವೆ? ಕೆಲಸಕ್ಕೆ ಅರ್ಜಿ ಹಾಕಿದ ತರುಣನನ್ನು ಒಳಗೆ ಕರೆದು, ಹದಿನೈದು ನಿಮಿಷ ಮಾತನಾಡಿಸಿ, ಆತನ ಅಂಗಿಯ ಇಸ್ತ್ರಿಯನ್ನೂ ನಾಲಿಗೆಯ ಓಟವನ್ನೂ ನೋಡಿ, ಆತನು ಮುಂದಿನ ಮೂವತ್ತು ವರ್ಷ ಹೇಗೆ ದುಡಿದಾನು ಎಂಬುದನ್ನು ನಿರ್ಣಯಿಸಿಬಿಡುತ್ತೇವೆ. ಈ ನಿರ್ಣಯವನ್ನು ಮಾಡುವುದೇ ಯಾರ ವೃತ್ತಿಯೋ ಅಂಥವರನ್ನು ಈಗ ಮಾನವ ಸಂಪನ್ಮೂಲ ಅಧಿಕಾರಿಗಳೆಂದು ಕರೆಯುತ್ತಾರೆ. ವಿಜಯಪುರ ನಗರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆಗಳಿವೆ. ಬಬಲೇಶ್ವರ ತಾಲೂಕಿನ ಕೃಷ್ಣಾನಗರದಲ್ಲಿ ನಂದಿ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಸ್ಥಾವರವಿದೆ. ನೂರಾರು ಜನ ಕೂಡಿ ದುಡಿಯುವ ಇಂಥ ಎಡೆಗಳಲ್ಲೆಲ್ಲ ಜನರನ್ನು ಆರಿಸುವ, ಉಳಿಸಿಕೊಳ್ಳುವ ಹೊಣೆಯನ್ನು ಯಾರಾದರೊಬ್ಬರು ಹೊರಲೇಬೇಕು. ಇಂದು ಕಾಲೇಜಿನಲ್ಲಿರುವ ವಾಚಕರಲ್ಲಿ ಬಹುಮಂದಿ ಒಂದಲ್ಲ ಒಂದು ದಿನ ಅವರ ಮೇಜಿನ ಮುಂದೆ ಕುಳಿತುಕೊಳ್ಳುವವರು. ಕೆಲವರು ಮೇಜಿನ ಆಚೆಯ ಬದಿಯಲ್ಲಿ.

ಈ ವೃತ್ತಿ ಹುಟ್ಟಿದ ಬಗೆ ಸ್ವಾರಸ್ಯಕರವಾಗಿದೆ. ನಮ್ಮ ದೇಶದ ಹತ್ತಿಗಿರಣಿಗಳಲ್ಲಿ ಮೊದಲು ಆಳುಗಳನ್ನು ತರುತ್ತಿದ್ದವನು ಜಾಬರನೆಂಬ ಮಧ್ಯವರ್ತಿ. ಕೆಲಸ ಕೊಡಿಸುವವನೂ ಆತನೇ, ಬಿಡಿಸುವವನೂ ಆತನೇ; ಎರಡಕ್ಕೂ ದಸ್ತೂರಿಯನ್ನು ಕೀಳುವವನೂ ಆತನೇ. 1929ರಲ್ಲಿ ನೇಮಕಗೊಂಡ ವಿಟ್ಲಿ ಅಧ್ಯಕ್ಷತೆಯ ರಾಯಲ್ ಕಮಿಷನ್ನು 1931ರಲ್ಲಿ ಸಲ್ಲಿಸಿದ ವರದಿಯಲ್ಲಿ, ಆಳುಗಳ ನೇಮಕವನ್ನು ಜಾಬರನ ಕೈಯಿಂದ ಬಿಡಿಸಿ ಅದಕ್ಕಾಗಿ ಪ್ರತ್ಯೇಕ ಕಾರ್ಮಿಕ ಅಧಿಕಾರಿಗಳನ್ನು ಇಡಬೇಕೆಂದು ಸೂಚಿಸಿತು. ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆಗಳ ಕಾಯಿದೆ 500 ಅಥವಾ ಅದಕ್ಕೂ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗಳು ಕಲ್ಯಾಣಾಧಿಕಾರಿಯನ್ನು ನೇಮಿಸಲೇಬೇಕೆಂದು ವಿಧಿಸಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಸಂಹಿತೆಯಲ್ಲಿ ಈ ಸಂಖ್ಯೆ 250ಕ್ಕೆ ಇಳಿದಿದೆ. ಹೆಸರು ಕಾಲಕಾಲಕ್ಕೆ ಬದಲಾಗುತ್ತ ಬಂದಿದ್ದರೂ ಜಾಬರನ ನೆರಳು ಪೂರ್ಣವಾಗಿ ಅಳಿದಿದೆಯೆಂದು ಹೇಳಲಾರೆ. ಕಬ್ಬು ಕಡಿಯುವ ಗ್ಯಾಂಗುಗಳನ್ನು ಮುಂಗಡ ಹಣ ಕೊಟ್ಟು ಕೂಡಿಸುವ ಮುಕಾದಮನನ್ನು ನಮ್ಮ ಕಡೆಯವರಿಗೆ ಪರಿಚಯಿಸಬೇಕಾದುದಿಲ್ಲ.

ಇನ್ನು ಅಳತೆಯ ಮಾತಿಗೆ ಬರೋಣ. ಪ್ರಯೋಗಾಲಯದಲ್ಲಿ ಸ್ಕ್ರೂಗೇಜನ್ನು ಹಿಡಿದವರೆಲ್ಲರೂ ಶೂನ್ಯದೋಷವನ್ನು ಬಲ್ಲರು. ದವಡೆಗಳು ಕೂಡಿದಾಗಲೂ ಮುಳ್ಳು ಸೊನ್ನೆಯ ಮೇಲೆ ನಿಲ್ಲದಿದ್ದರೆ ಎಷ್ಟು ಸಲ ಅಳೆದರೂ ತಪ್ಪು ಒಂದೇ ದಿಕ್ಕಿಗೆ ಬೀಳುತ್ತದೆ. ಸಂದರ್ಶಕನಲ್ಲಿಯೂ ಇಂಥ ದೋಷವುಂಟೆಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕರು 1920ರಲ್ಲಿಯೇ ತೋರಿಸಿಕೊಟ್ಟರು. ಸೈನ್ಯದ ಮೇಲಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ಶೀಲ ಇವುಗಳಿಗೆ ಪ್ರತ್ಯೇಕವಾಗಿ ಅಂಕ ಕೊಟ್ಟಿದ್ದರು. ಆ ಅಂಕಗಳನ್ನು ಹೋಲಿಸಿ ನೋಡಿದಾಗ, ಮೈಕಟ್ಟು ಚೆನ್ನಾಗಿದ್ದವನಿಗೆ ಬುದ್ಧಿಯಲ್ಲಿಯೂ ಶೀಲದಲ್ಲಿಯೂ ಹೆಚ್ಚು ಅಂಕಗಳು ಬಿದ್ದಿದ್ದವು. ಒಂದು ಗುಣದ ಬೆಳಕು ಉಳಿದವುಗಳ ಮೇಲೆಲ್ಲ ಹರಡಿಕೊಳ್ಳುತ್ತದೆ. ನಾವಿದನ್ನು ಪ್ರಭಾವಳಿ ದೋಷವೆಂದು ಕರೆಯಬಹುದು. ಪ್ರಭಾವಳಿಯ ಹೊಳಪಿನಲ್ಲಿ ಮೂರ್ತಿಯ ಮುಖವೇ ಸರಿಯಾಗಿ ಕಾಣದಿರುವುದನ್ನು ಗುಡಿಗಳಲ್ಲಿ ನೋಡಿಯೇ ಇದ್ದೇವೆ.

ಹಾಗಾದರೆ ಸಂದರ್ಶನವು ಎಷ್ಟರಮಟ್ಟಿಗೆ ನಂಬಲರ್ಹವಾದುದು? ಇದನ್ನು ಊಹೆಗೆ ಬಿಡಬೇಕಾದುದಿಲ್ಲ. ಸಂದರ್ಶನದಲ್ಲಿ ಬಂದ ಅಂಕವನ್ನೂ, ಕೆಲಸಕ್ಕೆ ಸೇರಿದ ಮೇಲೆ ಅದೇ ವ್ಯಕ್ತಿ ತೋರಿದ ಸಾಧನೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎರಡರ ನಡುವಣ ಸಂಬಂಧವನ್ನು ಒಂದು ಸಂಖ್ಯೆಯಿಂದ ಹೇಳಬಹುದು. ಇದಕ್ಕೆ ಸಹಸಂಬಂಧಾಂಕವೆಂದು ಹೆಸರು. ಎರಡೂ ಒಂದಕ್ಕೊಂದು ತಪ್ಪದೆ ಹೊಂದಿಕೊಂಡು ನಡೆದರೆ ಅದು 1. ಏನೊಂದೂ ಸಂಬಂಧವಿಲ್ಲದಿದ್ದರೆ 0. ಇಂಥ ಅನೇಕ ಅಧ್ಯಯನಗಳನ್ನು ಕೂಡಿಸಿ ಪಾಲ್ ಸ್ಯಾಕೆಟ್ ಮತ್ತು ಅವರ ಸಂಗಡಿಗರು 2022ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಬಾಯಿಗೆ ಬಂದಂತೆ ಪ್ರಶ್ನೆ ಕೇಳುತ್ತ ಹೋಗುವ ಸಂದರ್ಶನಕ್ಕೆ ಈ ಅಂಕ 0.19. ಎಲ್ಲ ಅಭ್ಯರ್ಥಿಗಳಿಗೂ ಕೆಲಸಕ್ಕೆ ಸಂಬಂಧಿಸಿದ ಅವೇ ಪ್ರಶ್ನೆಗಳನ್ನು ಕೇಳಿ, ಮೊದಲೇ ಗೊತ್ತುಪಡಿಸಿದ ಅಳತೆಗೋಲಿನಿಂದ ಅಂಕ ಕೊಡುವ ಸಂದರ್ಶನಕ್ಕೆ 0.42. ಇವುಗಳ ವರ್ಗವನ್ನು ತೆಗೆದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ದುಡಿಮೆಯಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಏರುಪೇರಿನಲ್ಲಿ ಮೊದಲನೆಯ ವಿಧಾನವು ನೂರಕ್ಕೆ ನಾಲ್ಕು ಪಾಲನ್ನು ಸಹ ಮುಂಗಾಣಲಾರದು. ಎರಡನೆಯದು ಸುಮಾರು ಹದಿನೆಂಟು ಪಾಲನ್ನು ಮುಂಗಾಣುತ್ತದೆ. ಹದಿನೆಂಟು ಕೂಡ ದೊಡ್ಡ ಸಂಖ್ಯೆಯಲ್ಲವೆಂಬುದು ದಿಟ. ಈ ಅಧ್ಯಯನಗಳಲ್ಲಿ ಬಹುಪಾಲು ಪಶ್ಚಿಮ ದೇಶಗಳವು ಎಂಬುದನ್ನೂ ಮರೆಯಲಾಗದು. ಆದರೂ ಬರಿಯ ಪ್ರಶ್ನೆಪಟ್ಟಿಯೊಂದನ್ನು ಬರೆದಿಟ್ಟುಕೊಳ್ಳುವ ಶ್ರಮದಿಂದ ಅಳತೆ ಇಷ್ಟೊಂದು ಸುಧಾರಿಸುತ್ತದೆಂದಾದರೆ, ಆ ಶ್ರಮವನ್ನು ಪಡದ ಅಧಿಕಾರಿಯನ್ನು ಸೋಮಾರಿಯೆಂದು ಕರೆಯದೆ ಗತ್ಯಂತರವಿಲ್ಲ.

ಅಳತೆಯಲ್ಲಿ ಹೆಚ್ಚು ಎಚ್ಚರ ವಹಿಸುವ ಒಂದು ಪದ್ಧತಿ ವಿಜಯಪುರದ ಸೈನಿಕ ಶಾಲೆಯ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತು. 1963ರಲ್ಲಿ ಆರಂಭವಾದ ಈ ಶಾಲೆಯಿಂದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಹೋಗಬಯಸುವವರು ಸೇವಾ ಆಯ್ಕೆ ಮಂಡಲಿಯ ಮುಂದೆ ಐದು ದಿನಗಳ ಪರೀಕ್ಷೆಗೆ ನಿಲ್ಲಬೇಕು. ಅಲ್ಲಿ ಒಬ್ಬರು ಮನಶ್ಶಾಸ್ತ್ರಜ್ಞರು ಅಭ್ಯರ್ಥಿ ಬರೆದ ಉತ್ತರಗಳಿಂದ, ಇನ್ನೊಬ್ಬರು ಸಂದರ್ಶನದಲ್ಲಿ ಆಡಿದ ಮಾತಿನಿಂದ, ಮೂರನೆಯವರು ಬಯಲಿನಲ್ಲಿ ತಂಡದೊಡನೆ ಮಾಡಿ ತೋರಿಸಿದ ಕೆಲಸದಿಂದ ಆತನನ್ನು ತೂಗಿ ನೋಡುತ್ತಾರೆ. ಮನಸಾ, ವಾಚಾ, ಕರ್ಮಣಾ ಎಂಬ ಹಳೆಯ ಮಾತನ್ನೇ ಈ ಪದ್ಧತಿಯ ಆಧಾರವಾಗಿ ಹೇಳುವುದುಂಟು. ಮೂವರೂ ತಂತಮ್ಮ ನಿರ್ಣಯವನ್ನು ಬೇರೆಬೇರೆಯಾಗಿಯೇ ಬರೆದಿಟ್ಟು, ಕೊನೆಯ ದಿನ ಮಾತ್ರ ಒಂದೆಡೆ ಕುಳಿತು ಹೋಲಿಸುತ್ತಾರೆ. ಒಬ್ಬನ ಕಣ್ಣಿನ ದೋಷ ಇನ್ನೊಬ್ಬನಿಗೆ ಅಂಟಬಾರದೆಂಬುದು ಇದರ ಮರ್ಮ. ರೈತನು ತೋಟದ ನಾಲ್ಕು ಮೂಲೆಗಳಿಂದ ಹಣ್ಣು ಆಯುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಚಿಕ್ಕ ಸಂಸ್ಥೆಗೆ ಐದು ದಿನಗಳ ಪರೀಕ್ಷೆ ದುಬಾರಿಯಾದೀತು. ಆದರೆ ಮೂವರು ಪರೀಕ್ಷಕರು ಚರ್ಚೆಗೆ ತೊಡಗುವ ಮೊದಲು ತಮ್ಮತಮ್ಮ ಅಂಕಗಳನ್ನು ಬರೆದಿಡುವುದಕ್ಕೆ ಒಂದು ಕಾಸೂ ಖರ್ಚಾಗುವುದಿಲ್ಲ.

ಅಳತೆಗೋಲನ್ನು ಎಲ್ಲಿ ತಿದ್ದಿ ಹದಗೊಳಿಸಿದರೆಂಬುದೂ ಮುಖ್ಯ. ಫ್ರಾನ್ಸಿನ ಆಲ್ಫ್ರೆಡ್ ಬಿನೆಯ ಬುದ್ಧಿಪರೀಕ್ಷೆ ನಮ್ಮ ನಾಡಿಗೆ ಬಂದಾಗ ಅದನ್ನು ಇದ್ದಂತೆಯೇ ಬಳಸಿದ್ದರೆ ಹಳ್ಳಿಯ ಮಕ್ಕಳೆಲ್ಲ ದಡ್ಡರೆಂದು ತೀರ್ಮಾನವಾಗುತ್ತಿತ್ತೇನೋ. ವಿಜಯಪುರವು ಇನ್ನೂ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ ವಿ. ವಿ. ಕಾಮತರು ಅದನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿ, ಆ ಕೆಲಸವನ್ನು 1934ರಲ್ಲಿ ವಿದ್ವಾಂಸರ ಮುಂದಿಟ್ಟರು. ತೊಂಬತ್ತು ವರ್ಷಗಳ ಮೇಲೆಯೂ ಈ ಪಾಠವನ್ನು ನಾವು ಪೂರ್ತಿಯಾಗಿ ಕಲಿತಿಲ್ಲ. ಔಷಧದ ಉಗ್ರಾಣವನ್ನು ನೋಡಿಕೊಳ್ಳಬೇಕಾದ ಹುದ್ದೆಗೆ ತಿಕೋಟಾದ ಹುಡುಗಿಯೊಬ್ಬಳು ಬಂದಾಗ, ಲೆಕ್ಕವನ್ನೂ ದಾಖಲೆಯನ್ನೂ ಆಕೆ ಹೇಗೆ ಇಡುತ್ತಾಳೆಂದು ನೋಡುವ ಬದಲು ಆಕೆಯ ಇಂಗ್ಲಿಷಿನ ಉಚ್ಚಾರವನ್ನು ನೋಡಿದರೆ, ಅಳೆದುದು ಕೆಲಸದ ಯೋಗ್ಯತೆಯನ್ನಲ್ಲ, ಆಕೆ ಓದಿದ ಶಾಲೆಯ ಶುಲ್ಕವನ್ನು. ಹುದ್ದೆಗೆ ಇಂಗ್ಲಿಷು ನಿಜವಾಗಿಯೂ ಬೇಕಾಗಿದ್ದರೆ ಅದನ್ನು ಪರೀಕ್ಷಿಸಲಿ. ಬೇಡವಾಗಿದ್ದರೆ ಅದು ಶುದ್ಧ ಶೂನ್ಯದೋಷ. ಗಣಕಯಂತ್ರದ ಕೈಗೆ ಅರ್ಜಿಗಳನ್ನು ಒಪ್ಪಿಸಿದರೂ ಈ ದೋಷ ತಾನಾಗಿ ನೀಗುವುದಿಲ್ಲ. ಅಮೆಜಾನ್ ಕಂಪನಿ ಅರ್ಜಿಗಳನ್ನು ಜರಡಿಯಾಡಲೆಂದು ಸಿದ್ಧಪಡಿಸಿದ್ದ ಯಂತ್ರವೊಂದು, ಬಹುತೇಕ ಗಂಡಸರೇ ಕಳುಹಿಸಿದ್ದ ಹಳೆಯ ಅರ್ಜಿಗಳಿಂದ ಪಾಠ ಕಲಿತು, ಹೆಂಗಸರ ಅರ್ಜಿಗಳನ್ನು ಕೆಳಕ್ಕೆ ತಳ್ಳತೊಡಗಿತ್ತೆಂದೂ ಅದನ್ನು ಕಂಪನಿ ಕೈಬಿಟ್ಟಿತೆಂದೂ 2018ರಲ್ಲಿ ಬೆಳಕಿಗೆ ಬಂತು.

ಆರಿಸಿಕೊಳ್ಳುವುದು ಅರ್ಧ ಕೆಲಸ. ಬಂದವರನ್ನು ಉಳಿಸಿಕೊಳ್ಳುವುದು ಉಳಿದರ್ಧ. ಈ ಎರಡನೆಯದರ ಕಷ್ಟವನ್ನು ಸಕ್ಕರೆ ಕಾರ್ಖಾನೆಯಷ್ಟು ಚೆನ್ನಾಗಿ ತೋರಿಸುವ ಸ್ಥಳ ಬೇರೊಂದಿರಲಾರದು. ಕಡಿದ ಕಬ್ಬನ್ನು ಹೊತ್ತುಮೀರಿ ಇಟ್ಟರೆ ಅದರೊಳಗಿನ ಸಕ್ಕರೆ ಒಡೆದು ಹರಳಾಗದ ಸಕ್ಕರೆಗಳಾಗಿ ಮಾರ್ಪಡುತ್ತದೆ. ಆದುದರಿಂದ ಅರೆಯುವ ಹಂಗಾಮಿನಲ್ಲಿ ಕಾರ್ಖಾನೆ ಹಗಲಿರುಳೂ ನಡೆಯಬೇಕು. ಹಂಗಾಮು ಮುಗಿದ ಮೇಲೆ ಕೆಲವು ತಿಂಗಳ ಕಾಲ ಗಾಣಗಳು ಸ್ತಬ್ಧ. ಕೆಲಸಗಾರರಲ್ಲಿ ಹಲವರು ಹಂಗಾಮಿಗೆ ಮಾತ್ರ ಬರುವವರು. ಇವರಲ್ಲಿ ಪ್ಯಾನ್‌ಮನ್ ಎಂಬ ಕುಶಲಿಯನ್ನು ಗಮನಿಸಿರಿ. ಗಾಳಿಯೊತ್ತಡವನ್ನು ಇಳಿಸಿದ ದೊಡ್ಡ ಕಡಾಯಿಯಲ್ಲಿ ಪಾಕವು ನೀರಿನ ಸಾಮಾನ್ಯ ಕುದಿಬಿಂದುವಿಗಿಂತ ಬಹಳ ಕೆಳಗಿನ ಉಷ್ಣತೆಯಲ್ಲಿಯೇ ಕುದಿಯುತ್ತದೆ. ಹೀಗಾಗಿ ಸಕ್ಕರೆ ಸುಟ್ಟು ಕಂದುವುದಿಲ್ಲ. ಹರಳು ಯಾವ ಕ್ಷಣದಲ್ಲಿ ಕಟ್ಟತೊಡಗಿತು, ಎಷ್ಟು ಬೆಳೆಯಿತು ಎಂಬುದನ್ನು ಆತನು ಕಡಾಯಿಯಿಂದ ಸ್ವಲ್ಪ ಪಾಕ ತೆಗೆದು, ಗಾಜಿನ ಮೇಲೆ ಹರವಿ, ಬೆರಳುಗಳ ನಡುವೆ ಎಳೆದು ನೋಡಿ ಹೇಳುತ್ತಾನೆ. ಈಗ ಮಾಪಕಗಳೂ ಬಂದಿವೆ. ಆದರೂ ಹಲವು ಹಂಗಾಮುಗಳಲ್ಲಿ ಬೆರಳಿಗೆ ಬಂದ ಆ ತಿಳಿವಳಿಕೆ ಒಂದು ದಿನದಲ್ಲಿ ಬೆಲೆಗೆ ಸಿಗುವಂಥದಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ಬರವಿಲ್ಲ. ಈ ವರ್ಷ ಇಲ್ಲಿ ದುಡಿದವನು ಮುಂದಿನ ದೀಪಾವಳಿಯ ವೇಳೆಗೆ ಇಲ್ಲಿಗೇ ಬರುವನೋ, ಹೊಳೆಯಾಚೆಯ ಕಾರ್ಖಾನೆಗೆ ಹೋಗುವನೋ?

ಜಾನ್ ಮೇಯರ್ ಮತ್ತು ನ್ಯಾಟಲಿ ಆಲನ್ ಎಂಬ ಕೆನಡಾದ ಇಬ್ಬರು ಸಂಶೋಧಕರು 1990ರಲ್ಲಿ, ಮನುಷ್ಯನನ್ನು ಕೆಲಸದೊಡನೆ ಕಟ್ಟುವ ನಂಟುಗಳು ಮೂರು ಬಗೆಯವು ಎಂದು ವಿಂಗಡಿಸಿದರು. ಇಲ್ಲಿರುವುದು ನನಗೆ ಇಷ್ಟ ಎಂಬುದು ಮೊದಲನೆಯದು. ಇದನ್ನು ಮನದ ನಂಟು ಎನ್ನೋಣ. ಬಿಟ್ಟರೆ ನಷ್ಟ ಎಂಬುದು ಎರಡನೆಯದು; ಇದು ಲೆಕ್ಕದ ನಂಟು. ಬಿಡುವುದು ಧರ್ಮವಲ್ಲ ಎಂಬುದು ಮೂರನೆಯದು. ಇದು ಋಣದ ನಂಟು. ಹೊರಗಿನಿಂದ ನೋಡುವವನಿಗೆ ಮೂವರೂ ಒಂದೇ ರೀತಿ ಹಾಜರಿ ಹಾಕುತ್ತಾರೆ. ಫಲ ಮಾತ್ರ ಬೇರೆ. ಅನೇಕ ಅಧ್ಯಯನಗಳನ್ನು ಕೂಡಿಸಿ 2002ರಲ್ಲಿ ಮಾಡಿದ ಪರಾಮರ್ಶೆಯಲ್ಲಿ, ಒಳ್ಳೆಯ ದುಡಿಮೆಗೂ ತಪ್ಪದ ಹಾಜರಿಗೂ ಅತಿ ಹತ್ತಿರವಾಗಿ ನಿಂತುದು ಮನದ ನಂಟು. ಲೆಕ್ಕದ ನಂಟೊಂದರಿಂದಲೇ ಉಳಿದವರಲ್ಲಿ ದುಡಿಮೆ ಹೆಚ್ಚಿದ ಕುರುಹು ಕಾಣಲಿಲ್ಲ. ಹಂಗಾಮಿಲ್ಲದ ತಿಂಗಳುಗಳಲ್ಲಿ ಕೆಲಸಗಾರನಿಗೆ ಕೊಡುವ ಭತ್ಯೆ ಸಕ್ಕರೆ ಉದ್ಯಮದಲ್ಲಿ ಹಳೆಯ ಪದ್ಧತಿ. ಅದು ನ್ಯಾಯವಾದುದೂ ಹೌದು. ಆದರೆ ಅದು ಲೆಕ್ಕದ ನಂಟನ್ನಷ್ಟೇ ಬಿಗಿಯಬಲ್ಲುದು. ಇನ್ನು ಮುಕಾದಮನ ಮುಂಗಡದಿಂದ ಹುಟ್ಟುವ ಬಂಧವನ್ನು ಋಣದ ನಂಟೆಂದು ತಪ್ಪಾಗಿ ತಿಳಿಯದಿರೋಣ. ಅದು ಬರಿಯ ಸಾಲ. ಸಾಲಕ್ಕಾಗಿ ಮನುಷ್ಯನನ್ನು ದುಡಿಮೆಗೆ ಕಟ್ಟಿಹಾಕುವುದನ್ನು 1976ರ ಜೀತಪದ್ಧತಿ ರದ್ದತಿ ಕಾಯಿದೆ ನಿಷೇಧಿಸಿದೆ.

ಮನದ ನಂಟು ಹೇಗೆ ಬೆಳೆಯುತ್ತದೆ? ಇದಕ್ಕೆ ಅಮೆರಿಕದ ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯ ಪ್ರಸಂಗವನ್ನು ನೆನೆಯಬೇಕು. ಅಲ್ಲಿ 1924ರಲ್ಲಿ ದೀಪದ ಬೆಳಕಿಗೂ ಕೆಲಸದ ವೇಗಕ್ಕೂ ಇರುವ ಸಂಬಂಧವನ್ನು ಅಳೆಯಲು ಹೊರಟವರು, ಅಳತೆಗೆ ಸಿಕ್ಕದ ಸಂಗತಿಗಳನ್ನು ಎದುರಿಸಬೇಕಾಯಿತು. ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆಂಬುದರಿಂದಲೇ ಕೆಲಸಗಾರರು ಹೆಚ್ಚು ದುಡಿದರೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಆ ಅಂಕಿಗಳನ್ನು ಮತ್ತೆ ಪರೀಕ್ಷಿಸಿದವರು ಇದನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುವುದು ಅದೇ ಕಾರ್ಖಾನೆಯಲ್ಲಿ 1928ರಿಂದ 1930ರವರೆಗೆ ನಡೆದ ಇನ್ನೊಂದು ಕೆಲಸ. ಸುಮಾರು 21,000 ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತನಾಡಿಸಿದರು. ಮೊದಮೊದಲು ಗೊತ್ತಾದ ಪ್ರಶ್ನೆಗಳನ್ನು ಕೇಳುತ್ತಿದ್ದರು. ಕೆಲಸಗಾರರು ಬೇರೇನನ್ನೋ ಹೇಳಬಯಸುತ್ತಿದ್ದರು. ಪ್ರಶ್ನೆಗಳನ್ನು ಬದಿಗಿಟ್ಟು, ಅವರ ಮಾತನ್ನು ನಡುವೆ ತಡೆಯದೆ ಕೇಳತೊಡಗಿದ ಮೇಲೆ ಅರ್ಧ ಗಂಟೆಯ ಭೇಟಿ ಒಂದು, ಒಂದೂವರೆ ಗಂಟೆಯವರೆಗೆ ಬೆಳೆಯಿತು. ಯಾರಿಗೂ ಹೇಳದಿದ್ದ ಅಳಲುಗಳು ಹೊರಬಿದ್ದವು.

ಜಾಣ ವಿದ್ಯಾರ್ಥಿ ಇಲ್ಲೊಂದು ಆಕ್ಷೇಪವನ್ನು ಎತ್ತಿಯಾನು: ಸಂದರ್ಶನದಲ್ಲಿ ಗೊತ್ತಾದ ಪ್ರಶ್ನೆಗಳೇ ಲೇಸೆಂದು ಈಗತಾನೆ ಹೇಳಿದ್ದಾಯಿತಲ್ಲ? ವಿರೋಧವೇನೂ ಇಲ್ಲ. ಆರಿಸುವಾಗ ಅಧಿಕಾರಿ ಹಲವರನ್ನು ಹೋಲಿಸುತ್ತಿರುತ್ತಾನೆ. ಹೋಲಿಕೆಗೆ ಒಂದೇ ಅಳತೆಗೋಲು ಬೇಕು. ಅಳಲನ್ನು ಆಲಿಸುವಾಗ ಆತನ ಮುಂದಿರುವವನು ಒಬ್ಬನೇ. ಅಲ್ಲಿ ಗೋಲು ಅಡ್ಡಬರುತ್ತದೆ. ಯಾವಾಗ ಯಾವುದನ್ನು ಎತ್ತಿಕೊಳ್ಳಬೇಕೆಂಬುದನ್ನು ಬಲ್ಲುದೇ ಈ ವೃತ್ತಿಯ ಕೌಶಲ. ಮಿಕ್ಕ ಕೌಶಲಗಳಾದ ಕಾರ್ಮಿಕ ಕಾಯಿದೆ, ವೇತನದ ಲೆಕ್ಕ, ಭವಿಷ್ಯನಿಧಿ, ದಾಖಲೆ ಇಡುವುದು ಇವೆಲ್ಲವನ್ನೂ ಪುಸ್ತಕದಿಂದ ಕಲಿಯಬಹುದು. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಸಮಾಜಕಾರ್ಯ ಮತ್ತು ವ್ಯವಹಾರ ನಿರ್ವಹಣೆಯ ತರಗತಿಗಳಂಥ ಕಡೆಗಳಲ್ಲಿ ಇವನ್ನು ಕಲಿಸಿಯೂ ಕಲಿಸುತ್ತಾರೆ. ಆಲಿಸುವುದಕ್ಕೆ ಮಾತ್ರ ಭಾಷೆ ಬೇಕು. 1948ರ ಕಾಯಿದೆಯಡಿ ರಾಜ್ಯಗಳು ಮಾಡಿದ ನಿಯಮಗಳಲ್ಲಿ, ಬಹುಮಂದಿ ಕೆಲಸಗಾರರು ಆಡುವ ಭಾಷೆಯನ್ನು ಕಲ್ಯಾಣಾಧಿಕಾರಿ ಸಾಕಷ್ಟು ಬಲ್ಲವನಾಗಿರಬೇಕೆಂಬ ಷರತ್ತನ್ನು ಕಾಣುತ್ತೇವೆ. ತರುಣರು ಇದನ್ನು ಗಮನಿಸಬೇಕು. ಕನ್ನಡವನ್ನು, ಅದರಲ್ಲಿಯೂ ಬಬಲೇಶ್ವರದ ಕಬ್ಬಿನ ಗದ್ದೆಯ ಕನ್ನಡವನ್ನು ಬಲ್ಲವನಾಗಿರುವುದು ಈ ವೃತ್ತಿಯಲ್ಲಿ ಒಂದು ಅರ್ಹತೆ. ಜೊತೆಗೆ ದಖ್ಖನಿಯೂ ಮರಾಠಿಯೂ ಕಿವಿಗೆ ಪರಿಚಿತವಾಗಿದ್ದರೆ ಈ ಜಿಲ್ಲೆಯಲ್ಲಿ ಆತನಿಗೆ ಸಾಟಿ ಇಲ್ಲ.

ಕೊನೆಗೆ ಆ ಅಧಿಕಾರಿಯ ಸ್ವಂತ ನಿಷ್ಠೆಯ ಪ್ರಶ್ನೆ ಉಳಿಯಿತು. ಆತನಿಗೆ ಸಂಬಳ ಕೊಡುವವನು ಮಾಲಿಕ. ಆತನನ್ನು ಕಾಯಿದೆ ನೇಮಿಸಿದುದು ಕೆಲಸಗಾರರ ಕ್ಷೇಮಕ್ಕಾಗಿ. ಕೆಲವು ರಾಜ್ಯಗಳ ನಿಯಮಗಳು, ಕೆಲಸಗಾರರ ಮೇಲಿನ ಶಿಸ್ತಿನ ಮೊಕದ್ದಮೆಗಳಲ್ಲಿ ಕಲ್ಯಾಣಾಧಿಕಾರಿ ಮಾಲಿಕರ ಪರವಾಗಿ ನಿಲ್ಲಕೂಡದೆಂದು ತಡೆದಿರುವುದು ಈ ಇಕ್ಕಟ್ಟನ್ನು ಬಲ್ಲುದರಿಂದಲೇ. ಆತನಿಗೆ ಕಾರ್ಖಾನೆಯೊಡನೆ ಇರುವುದು ಲೆಕ್ಕದ ನಂಟು ಮಾತ್ರವಾದರೆ ಮೇಲಿನವರು ಹೇಳಿದ ಹೆಸರಿಗೆ ಹೆಚ್ಚು ಅಂಕ ಬರೆದು ಕೈತೊಳೆದುಕೊಂಡಾನು. ತನ್ನ ವೃತ್ತಿಯೊಡನೆ ಮನದ ನಂಟುಳ್ಳವನು, ಸೊನ್ನೆ ಸರಿಯಿಲ್ಲದ ಉಪಕರಣದಿಂದ ಅಳೆಯಲೊಲ್ಲೆನೆನ್ನುವ ಪ್ರಯೋಗಶೀಲನಂತೆ ಒಂದು ಎಡೆಯಲ್ಲಿ ನಿಂತುಕೊಳ್ಳುತ್ತಾನೆ. ಹಾಗೆ ನಿಂತವನಿಗೆ ಬಡ್ತಿ ತಡವಾಗುವುದೂ ಉಂಟು. ಅದನ್ನು ಮುಚ್ಚಿಟ್ಟು ಈ ವೃತ್ತಿಯನ್ನು ಹೊಗಳುವುದು ಸಲ್ಲದು.

ಇಲ್ಲಿ ಹೇಳಿದುದನ್ನು ಪರೀಕ್ಷಿಸಿ ನೋಡಬಯಸುವ ವಾಚಕರಿಗೆ ಒಂದು ಪ್ರಯೋಗ. ತರಗತಿಯ ಹತ್ತು ಜನರನ್ನು ಆರಿಸಿಕೊಳ್ಳಿರಿ. ಪ್ರಯೋಗಾಲಯದಲ್ಲಿ ಯಾರು ಎಷ್ಟು ನಿಖರರು ಎಂಬುದನ್ನು ಮುಂದಾಗಿ ಹೇಳುವುದೇ ಪರೀಕ್ಷಕರ ಕೆಲಸ. ಈ ಹತ್ತು ಜನರ ಪರಿಚಯವಿಲ್ಲದ ಒಬ್ಬನು ಪ್ರತಿಯೊಬ್ಬರೊಡನೆ ಐದು ನಿಮಿಷ ಮನಬಂದಂತೆ ಮಾತನಾಡಿ 1ರಿಂದ 10ರವರೆಗೆ ಶ್ರೇಣಿ ಕೊಡಲಿ. ಇನ್ನೊಬ್ಬನು ಅಳತೆಗೆ ಸಂಬಂಧಿಸಿದ ಅವೇ ಆರು ಪ್ರಶ್ನೆಗಳನ್ನು ಎಲ್ಲರಿಗೂ ಕೇಳಿ, ಅಂಕ ಕೂಡಿಸಿ ಶ್ರೇಣಿ ಕೊಡಲಿ. ಇಬ್ಬರೂ ತಮ್ಮತಮ್ಮೊಳಗೆ ಮಾತನಾಡಿಕೊಳ್ಳಕೂಡದು. ಅನಂತರ ಹತ್ತು ಜನರೂ ಒಂದೇ ಪೀನಮಸೂರದ ಸಂಗಮದೂರವನ್ನು ಕಂಡುಹಿಡಿಯಲಿ. ನಿಜವಾದ ಬೆಲೆಗೆ ಹತ್ತಿರ ಬಂದ ಕ್ರಮದಲ್ಲಿ ಅವರಿಗೆ ಮೂರನೆಯ ಶ್ರೇಣಿ ದೊರೆಯುತ್ತದೆ. ಪರೀಕ್ಷಕನ ಶ್ರೇಣಿಗೂ ಈ ಶ್ರೇಣಿಗೂ ಇರುವ ವ್ಯತ್ಯಾಸವನ್ನು ಒಬ್ಬೊಬ್ಬರಿಗೂ ತೆಗೆದು, ವರ್ಗಮಾಡಿ, ಹತ್ತನ್ನೂ ಕೂಡಿಸಿರಿ. ಮೊತ್ತವನ್ನು 6ರಿಂದ ಗುಣಿಸಿ, 990ರಿಂದ ಭಾಗಿಸಿ, ಬಂದುದನ್ನು 1ರಿಂದ ಕಳೆಯಿರಿ. ಇದೇ ಸ್ಪಿಯರ್‌ಮನ್ನರ ಶ್ರೇಣಿ ಸಹಸಂಬಂಧಾಂಕ. 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಅಭ್ಯಾಸ ಮಾಡಿದುದು ಈ ಸ್ಪಿಯರ್‌ಮನ್ನರ ಬಳಿಯಲ್ಲಿಯೇ. ಹತ್ತೇ ಜನರಿಂದ ಬಂದ ಅಂಕ ಬಹಳ ತೂಗಾಡುತ್ತದೆ. ಮೊದಲ ಸಲ ಲೆಕ್ಕ ತಲೆಕೆಳಗಾಗಿ ಬಂದರೂ ಬರಬಹುದು. ಬೇರೆ ತರಗತಿಗಳಲ್ಲಿ ನಾಲ್ಕೈದು ಸಲ ಮಾಡಿ, ಎಲ್ಲ ಅಂಕಗಳನ್ನೂ ಒಂದು ಕಾಗದದ ಮೇಲೆ ಬರೆದಿಟ್ಟುಕೊಂಡು ನೋಡಿರಿ.